ಮುದ್ದೆ ನುಂಗುವ ಮನೆಯಲ್ಲಿ ಅಗಿಯುವ ಪಾಠ

ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷ. ಸಮಯ ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣ, ಅದನ್ನು ನಾನೇ ಸಭೆಯ ಪುಸ್ತಕದಲ್ಲಿ ಬರೆದಿದ್ದೇನೆ. ‘11.40. ಪೋಷಕರ ಊಟದ ಪ್ರಾತ್ಯಕ್ಷಿಕೆ ಯಶಸ್ವಿಯಾಗಿ ನಡೆಯಿತು’ ಎಂದು ಬರೆದು, ಅಡಿಗೆರೆ ಎಳೆದು, ತಲೆ ಎತ್ತಿದೆ. ನನ್ನ ಬೆನ್ನ ಹಿಂದೆ ಎರಡು ವರ್ಷದ ಮಗುವೊಂದಕ್ಕೆ ಆಗಲೇ ಉಸಿರು ಕಟ್ಟಿತ್ತು. ಅದು ನನಗೆ ಗೊತ್ತಾಗಲು ಇನ್ನೂ ಅರ್ಧ ನಿಮಿಷ ಹಿಡಿಯಿತು. ಆ ಅರ್ಧ ನಿಮಿಷ ಈಗಲೂ ದಿನಕ್ಕೊಂದು ಸಲವಾದರೂ ಕಣ್ಣ ಮುಂದೆ ಬಂದು ಹೋಗುತ್ತದೆ.

ನಾನು ಅಂಗನವಾಡಿ ಮೇಲ್ವಿಚಾರಕಿ. ಮನೆ ತುಮಕೂರಿನಲ್ಲಿ, ಕೆಲಸ ಕುಣಿಗಲ್ ತಾಲ್ಲೂಕಿನ ಅಮೃತೂರು ಕಡೆಯ ಹಳ್ಳಿಗಳಲ್ಲಿ. ದಿನಾ ತುಮಕೂರಿನಿಂದ ಕುಣಿಗಲ್‌ಗೆ ಒಂದು ಬಸ್ಸು, ಅಲ್ಲಿಂದ ಎಂಟೂವರೆಯ ಖಾಸಗಿ ಬಸ್ಸು. ಆ ಖಾಸಗಿ ಬಸ್ಸಿನ ಡ್ರೈವರ್ ಈ ಕಥೆಯ ಮಗುವಿನ ಅಪ್ಪ. ಬಸ್ಸು ರಾತ್ರಿ ನಿಲ್ಲುವುದು ಅವರ ಹಳ್ಳಿಯಲ್ಲೇ. ಬೆಳಿಗ್ಗೆ ಆರಕ್ಕೆ ಅಲ್ಲಿಂದ ಹೊರಟು, ಅಮೃತೂರಿನ ಮೇಲೆ ಕುಣಿಗಲ್ ಮುಟ್ಟಿ, ಎಂಟೂವರೆಗೆ ನಮ್ಮನ್ನೆಲ್ಲ ಹತ್ತಿಸಿಕೊಂಡು ವಾಪಸ್ಸಾಗುತ್ತದೆ. ಹಳ್ಳಿ ಸೇರಿದ ಮೇಲೆ ಹನ್ನೆರಡೂವರೆಯವರೆಗೆ ಅಂಗನವಾಡಿ ಪಕ್ಕದ ಬಯಲಿನಲ್ಲಿ ನಿಂತಿರುತ್ತದೆ.

ಆ ಹಳ್ಳಿಯ ಅಂಗನವಾಡಿಯಲ್ಲಿ ಮೂರು ವರ್ಷದೊಳಗಿನ ಕೆಲವು ಮಕ್ಕಳ ತೂಕ ತಿಂಗಳುಗಟ್ಟಲೆ ಏರದೆ ನಿಂತಿತ್ತು. ಬೆಳವಣಿಗೆ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ಎಂದು ಮೂರು ಪಟ್ಟಿಗಳಿರುತ್ತವೆ. ಈ ಮಕ್ಕಳು ಹಳದಿಯಲ್ಲಿ ಕುಳಿತುಬಿಟ್ಟಿದ್ದರು. ಮನೆಗೆ ಕೊಡುವ ಪುಷ್ಟಿಹಿಟ್ಟು ಹೋಗುತ್ತಿತ್ತು, ಮನೆಗಳಲ್ಲಿ ಊಟಕ್ಕೆ ಕೊರತೆ ಇರಲಿಲ್ಲ. ಮಕ್ಕಳು ತಿನ್ನುತ್ತಿರಲಿಲ್ಲ, ಅಷ್ಟೇ. ಹಾಗಾಗಿ ಒಲೆಯ ಮೇಲೆ ಏನಿದೆ ಎಂದು ಕೇಳುವುದನ್ನು ಬಿಟ್ಟು, ಊಟದ ಹೊತ್ತಿಗೇ ಮನೆಗಳಿಗೆ ಹೋಗಿ ಒಂದು ಮೂಲೆಯಲ್ಲಿ ಕುಳಿತು, ಮಗುವಿನ ಕಣ್ಣ ಮುಂದೆ ಯಾರು ಏನು ತಿನ್ನುತ್ತಾರೆ ಎಂದು ಬರೆದುಕೊಳ್ಳತೊಡಗಿದೆ.

ಅದೊಂದು ಖುಷಿಯ ಕೆಲಸ. ಒಂದು ಮನೆಯ ಹುಡುಗಿ ಕೈಗೆ ಸಿಕ್ಕಿದ್ದನ್ನೆಲ್ಲ ಟೀಗೆ ಅದ್ದಿಯೇ ಬಾಯಿಗಿಡುತ್ತಿದ್ದಳು. ಅವಳಪ್ಪ ಕೋಡುಬಳೆಯನ್ನೂ ಟೀಗೆ ಅದ್ದುವವನು. ಇನ್ನೊಂದು ಮನೆಯ ತಾಯಿ, ಮಗು ಸೊಪ್ಪು ಮುಟ್ಟುವುದಿಲ್ಲವೆಂದು ನನ್ನ ಮುಂದೆ ದೂರು ಹೇಳುತ್ತ ಹೇಳುತ್ತಲೇ ತನ್ನ ತಟ್ಟೆಯ ಸೊಪ್ಪನ್ನು ಅಂಚಿಗೆ ತಳ್ಳುತ್ತಿದ್ದಳು. ಮಗು ನೋಡುತ್ತಿತ್ತು. ನಾನು ಪುಸ್ತಕ ತಿರುಗಿಸಿ ಆ ತಾಯಿಗೇ ತೋರಿಸಿದೆ. ಅವಳು ನಕ್ಕು, ಸೊಪ್ಪನ್ನು ಮತ್ತೆ ಅನ್ನಕ್ಕೆ ಎಳೆದುಕೊಂಡಳು.

ಡ್ರೈವರ್ ಮನೆಯಲ್ಲಿ ನಾಲ್ಕು ಜನ. ಡ್ರೈವರ್, ಅವನ ಹೆಂಡತಿ, ಅವನ ತಾಯಿ, ಎರಡು ವರ್ಷ ಎರಡು ತಿಂಗಳ ಮಗಳು. ಮನೆಯಲ್ಲಿ ಅವಳನ್ನು ಪುಟ್ಟಿ ಎನ್ನುತ್ತಿದ್ದರು. ತೂಕ ಒಂಬತ್ತು ಕೆಜಿ ನೂರು ಗ್ರಾಂ. ಹಾಲು, ಹಾಲಿನಲ್ಲಿ ಕರಗಿಸಿದ ಬಿಸ್ಕತ್ತು ಬಿಟ್ಟು ಬೇರೇನೂ ಬೇಡ. ಆದರೆ ರಾತ್ರಿ ಎಂಟಕ್ಕೆ ಅಪ್ಪ ಊಟಕ್ಕೆ ಕೂತರೆ ಎದುರಿಗೆ ಬಂದು ಕೂತು ಅವನ ಮುಖವನ್ನೇ ನೋಡುತ್ತಾಳೆ ಎಂದು ಅಜ್ಜಿ ಹೇಳಿದರು. ನಾನು ಅದನ್ನು ಪುಸ್ತಕದಲ್ಲಿ ಬರೆದು ಸುತ್ತ ಚೌಕ ಹಾಕಿದೆ. ಅಪ್ಪ ಮಗುವಿನ ಜೊತೆ ಕೂತು ಉಂಡರೆ ಮಗುವೂ ಉಣ್ಣುತ್ತದೆ ಎಂಬುದು ನನ್ನ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಅವನು ಹೇಗೆ ಉಣ್ಣುತ್ತಾನೆ ಎಂಬುದನ್ನು ಮಾತ್ರ ನಾನು ನೋಡಿರಲಿಲ್ಲ.

ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ನಮ್ಮ ಕಡೆಯವರಿಗೆ ಇದನ್ನು ಹೇಳಬೇಕಾಗಿಯೂ ಇಲ್ಲ. ಮುರಿದು, ಉಂಡೆ ಮಾಡಿ, ಸಾರಿಗೆ ಅದ್ದಿ, ಗಂಟಲಿಗೆ ಜಾರಿಸುವುದು. ಗುಬ್ಬಿಯ ನಮ್ಮ ಮನೆಯಲ್ಲೂ ಅಗಿದರೆ ಬೈಸಿಕೊಳ್ಳುತ್ತಿದ್ದೆವು. ಡ್ರೈವರ್ ಈ ವಿದ್ಯೆಯನ್ನು ಮುದ್ದೆಗಷ್ಟೇ ಬಿಟ್ಟಿರಲಿಲ್ಲ. ಹತ್ತು ನಿಮಿಷದ ಸ್ಟಾಪಿನಲ್ಲಿ ಊಟ, ಕೈತೊಳೆಯುವುದು, ಟೀ ಎಲ್ಲ ಮುಗಿಸಬೇಕಾದ ಮನುಷ್ಯ ಇಡ್ಲಿ, ಬೋಂಡ, ಮೊಟ್ಟೆ ಎಲ್ಲವನ್ನೂ ಮುದ್ದೆಯಂತೆಯೇ ಒಳಗೆ ಕಳಿಸುತ್ತಿದ್ದ.

ಪ್ರಾತ್ಯಕ್ಷಿಕೆಯ ದಿನ ಅಂಗನವಾಡಿಯಲ್ಲಿ ಚಾಪೆ ಹಾಸಿ ಆರು ಮಕ್ಕಳನ್ನು ಅಪ್ಪ ಅಮ್ಮಂದಿರ ಎದುರು ಕೂರಿಸಿದೆವು. ಒಂದೊಂದು ಜೋಡಿಗೂ ಒಂದೇ ತಟ್ಟೆ. ಪುಟ್ಟ ಮುದ್ದೆ, ಹುರುಳಿಕಾಳಿನ ಸಾರು, ನಾಲ್ಕು ಹೋಳು ಮಾಡಿದ ಬೇಯಿಸಿದ ಮೊಟ್ಟೆ. ಬಂದ ಅಪ್ಪ ಎಂದರೆ ಡ್ರೈವರ್ ಒಬ್ಬನೇ, ಅವನ ಹೆಂಡತಿಯೂ ತಾಯಿಯೂ ಪಕ್ಕದಲ್ಲಿದ್ದರು. ಅವನು ಸಂಕೋಚದಿಂದ ಮುದುಡಿ ಕೂತಿದ್ದ. ಅವನನ್ನು ನಗಿಸಲು ನಾನೇ ಹೇಳಿದೆ, ಡ್ರೈವರೇ, ನಾಚಿಕೊಳ್ಳಬೇಡಿ, ನಿಮ್ಮ ಸ್ಟೈಲಿನಲ್ಲೇ ಊಟ ಮಾಡಿ ಎಂದು.

“ನನ್ ಸ್ಟೈಲಾ ಮೇಡಂ? ಎಕ್ಸ್‌ಪ್ರೆಸ್ಸು. ಮಧ್ಯ ಸ್ಟಾಪ್ ಇಲ್ಲ,” ಎಂದ.

ಹೆಂಗಸರು ನಕ್ಕರು. ಅವನು ಮುದ್ದೆ ಮುರಿದು ಅದ್ದಿ, ಕತ್ತು ಕೊಂಚ ಮೇಲೆತ್ತಿ ನುಂಗಿದ. ಪುಟ್ಟಿ ನೋಡಿದಳು. ತಾನೂ ನೆಲ್ಲಿಕಾಯಿಗಿಂತ ಚಿಕ್ಕದೊಂದು ತುಣುಕು ಮುರಿದು, ಸಾರಿಗೆ ಅದ್ದಿ, ಥೇಟ್ ಅವನಂತೆಯೇ ಕತ್ತು ಮೇಲೆತ್ತಿ ನುಂಗಿದಳು. ಹುಟ್ಟಿದಾಗಿನಿಂದ ಮುದ್ದೆ ಮುಟ್ಟದ ಮಗು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಪೆನ್ನಿನ ಕ್ಯಾಪನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಮೇಜಿನ ಕಡೆ ತಿರುಗಿ, ಆ ಸಾಲನ್ನು ಬರೆದೆ.

ಅಷ್ಟರಲ್ಲಿ ಚಪ್ಪಾಳೆಯಿಂದ ಹುರುಪುಗೊಂಡ ಡ್ರೈವರ್ ಮೊಟ್ಟೆಯ ಹೋಳೊಂದನ್ನು ಸಾರಿಗೆ ಅದ್ದಿ ಗುಳುಂ ಎನಿಸಿದನಂತೆ. ಪುಟ್ಟಿಯೂ ಒಂದು ಹೋಳು ತೆಗೆದುಕೊಂಡಳಂತೆ. ಇದನ್ನು ನಾನು ನೋಡಲಿಲ್ಲ. ನಾನು ತಿರುಗಿದಾಗ ಕಂಡಿದ್ದು ಅಜ್ಜಿ ಮಗುವಿನ ನೆತ್ತಿ ತಟ್ಟುತ್ತಿದ್ದುದು.

“ಯಾರೋ ನೆನೆಸ್ಕಂಡವ್ರೆ ನನ್ ಕೂಸ್ನ,” ಎನ್ನುತ್ತಿದ್ದರು ಅಜ್ಜಿ.

ಯಾರಿಗಾದರೂ ನೆತ್ತಿಗೆ ಹತ್ತಿದರೆ ನಾವೆಲ್ಲ ಹೇಳುವ ಮಾತೇ ಅದು. ಹೆಂಗಸರು ನಕ್ಕರು. ನಾನೂ ನಕ್ಕೆ. ನನ್ನನ್ನು ಈಗಲೂ ಎಬ್ಬಿಸಿ ಕೂರಿಸುವುದು ಮಗುವಿನ ಮುಖಕ್ಕಿಂತ ಹೆಚ್ಚಾಗಿ ನನ್ನ ಆ ನಗು. ನೆತ್ತಿಗೆ ಹತ್ತಿದವರು ಕೆಮ್ಮುತ್ತಾರೆ. ಈ ಮಗು ಕೆಮ್ಮುತ್ತಿರಲಿಲ್ಲ. ಬಾಯಿ ತೆರೆದಿತ್ತು, ಸದ್ದು ಇರಲಿಲ್ಲ. ತುಟಿ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಅಮ್ಮ ನೀರಿನ ಲೋಟ ಹಿಡಿದು ಬಾಯಿಗೆ ಹುಯ್ಯಲು ಹೋದಳು. ಹೀಗಾದಾಗ ಏನು ಮಾಡಬೇಕೆಂದು ನಾನು ಮೂರು ಸಲ ತರಬೇತಿ ಪಡೆದಿದ್ದೇನೆ, ಹತ್ತು ಸಲ ಬೇರೆಯವರಿಗೆ ಹೇಳಿಕೊಟ್ಟಿದ್ದೇನೆ. ನನ್ನ ಕಾಲು ಏಳಲಿಲ್ಲ.

ಎದ್ದವರು ಅಲ್ಲಿನ ಅಂಗನವಾಡಿ ಕಾರ್ಯಕರ್ತೆ. ಊರಿನವರಿಗೆ ಅವರು ಟೀಚರ್. ನೀರಿನ ಲೋಟವನ್ನು ಕೈಯಿಂದ ಆಚೆ ತಳ್ಳಿದರು. ನೆಲಕ್ಕೆ ಕೂತು, ಮಗುವನ್ನು ತೊಡೆಯ ಮೇಲೆ ಬೋರಲು ಹಾಕಿ, ತಲೆ ತಗ್ಗಿಗೆ ಬರುವಂತೆ ಹಿಡಿದು, ಅಂಗೈಯ ಬುಡದಿಂದ ಎರಡು ಹೆಗಲಮೂಳೆಗಳ ನಡುವೆ ಹೊಡೆದರು. ಒಂದು. ಎರಡು. ಮೂರು. ಅಜ್ಜಿ, ಕೂಸಿಗೆ ಯಾಕೆ ಹೊಡೀತೀಯ ಎಂದು ಕೈ ಹಿಡಿಯಲು ಬಂದರು. ಡ್ರೈವರ್ ತನ್ನ ತಾಯಿಯನ್ನು ತಬ್ಬಿ ಹಿಡಿದುಕೊಂಡ. ನಾಲ್ಕನೆಯ ಏಟಿಗೆ ಮೊಟ್ಟೆಯ ಹೋಳು ಚಾಪೆಯ ಮೇಲೆ ಬಿತ್ತು. ಆಮೇಲೆ ಒಂದು ಉಸಿರು, ಆಮೇಲೆ ಅಳು.

ಟೀಚರ್ ಮಗುವನ್ನು ಅಮ್ಮನ ಮಡಿಲಿಗೆ ಹಾಕಿ, ಕೈಯನ್ನು ಸೆರಗಿಗೆ ಒರೆಸಿಕೊಂಡು, ನನ್ನ ಕಡೆ ನೋಡಿದರು.

“ಮೇಡಂ, ಮೊದ್ಲು ಆ ಪೆನ್ನಿನ ಕ್ಯಾಪ್ ಬಾಯಿಂದ ತೆಗೀರಿ,” ಎಂದರು.

ಅಮೃತೂರಿನ ಆಸ್ಪತ್ರೆಗೆ ಹೋದದ್ದು ಬಸ್ಸಿನಲ್ಲೇ. ಐವತ್ತು ಸೀಟಿನ ಬಸ್ಸಿನಲ್ಲಿ ಮಗು, ಅಮ್ಮ, ಅಜ್ಜಿ, ಟೀಚರ್, ನಾನು. ದಾರಿಯುದ್ದಕ್ಕೂ ಸ್ಟಾಪುಗಳಲ್ಲಿ ಜನ ಕೈ ಅಡ್ಡ ಹಿಡಿದರು. ಅವನು ಒಂದು ಕಡೆಯೂ ನಿಲ್ಲಿಸಲಿಲ್ಲ. ಅರ್ಧ ದಾರಿಗೆ ಪುಟ್ಟಿ ಅಳು ನಿಲ್ಲಿಸಿ, ಖಾಲಿ ಸೀಟುಗಳನ್ನು ಎಣಿಸುವವಳಂತೆ ಒಂದೊಂದನ್ನೇ ತೋರಿಸತೊಡಗಿದಳು. ಡಾಕ್ಟರು ಎದೆಯನ್ನು ಹಿಂದೆ ಮುಂದೆ ಕೇಳಿ, ಗಂಟಲು ನೋಡಿ, ಒಂದಷ್ಟು ಹೊತ್ತು ಅಲ್ಲೇ ಕೂರಿಸಿಕೊಂಡು, ಸದ್ಯಕ್ಕೆ ತೊಂದರೆ ಇಲ್ಲ, ಕೆಮ್ಮು ಜ್ವರ ಬಂದರೆ ತಕ್ಷಣ ಕರೆತನ್ನಿ ಎಂದರು. ಟೀಚರ್ ಮಾಡಿದ್ದು ಸರಿ, ನೆತ್ತಿ ತಟ್ಟುವುದು, ನೀರು ಹುಯ್ಯುವುದು ತಪ್ಪು ಎಂದು ಎಲ್ಲರಿಗೂ ತಿಳಿಸಿ ಹೇಳಿದರು. ಅಜ್ಜಿ ಅವರ ಮಾತನ್ನು ಪೂರ್ತಿ ಕೇಳಿಸಿಕೊಂಡು, ಹಾಗಾದರೆ ಯಾರೂ ನೆನೆಸಿಕೊಂಡಿರಲಿಲ್ಲವೇ ಎಂದು ಕೇಳಿದರು.

ಅಪಾಯ ಅಲ್ಲಿಗೆ ಮುಗಿಯಿತು ಎಂದುಕೊಂಡೆವು.

ಮಾರನೆಯ ದಿನದಿಂದ ಪುಟ್ಟಿ ಬಾಯಿ ತೆರೆಯಲಿಲ್ಲ. ಹಾಲು ಕುಡಿದಳು, ಅಷ್ಟೇ. ಬಿಸ್ಕತ್ತನ್ನು ಕರಗಿಸಿ ಕೊಟ್ಟರೂ ತಳದಲ್ಲಿ ಕಣ ಸಿಕ್ಕರೆ ಉಗುಳುತ್ತಿದ್ದಳು. ಗಂಜಿಯ ಚಮಚ ಹತ್ತಿರ ಬಂದರೆ ತುಟಿಯನ್ನು ಒಳಗೆಳೆದುಕೊಂಡು ಬಿಗಿಯಾಗಿ ಕಚ್ಚಿ ಹಿಡಿಯುತ್ತಿದ್ದಳು. ಎರಡು ವಾರಕ್ಕೆ ತೂಕ ಎಂಟು ಕೆಜಿ ಎಂಟುನೂರು. ಮೂರನೆಯ ವಾರಕ್ಕೆ ಎಂಟು ಆರುನೂರು. ಅವಳ ವಯಸ್ಸಿಗೆ ಕೆಂಪು ಪಟ್ಟಿ ಶುರುವಾಗುವುದು ಎಂಟು ನಾನೂರರ ಹತ್ತಿರ. ಡಾಕ್ಟರು ಮತ್ತೆ ಗಂಟಲು ಪರೀಕ್ಷಿಸಿ, ಅಲ್ಲಿ ಏನೂ ಇಲ್ಲ, ಮಗು ಹೆದರಿದೆ ಎಂದರು. ಹತ್ತು ದಿನ ನೋಡೋಣ, ಇನ್ನೂ ಇಳಿದರೆ ತುಮಕೂರಿನಲ್ಲಿ ಅಪೌಷ್ಟಿಕ ಮಕ್ಕಳ ವಾರ್ಡಿಗೆ ಸೇರಿಸಬೇಕು, ಮೂಗಿನಲ್ಲಿ ನಳಿಗೆ ಹಾಕಿ ಆಹಾರ ಕೊಡಬೇಕಾಗಬಹುದು ಎಂದೂ ಹೇಳಿದರು.

ಮಗುವಿನ ಅಮ್ಮ ನಳಿಗೆ ಎಂಬ ಮಾತನ್ನು ಹಿಡಿದುಕೊಂಡುಬಿಟ್ಟಳು. ಮೂಗಿಗೆ, ಅಲ್ಲಿಂದ ಮತ್ತೆ ಗಂಟಲಿಗೆ. ಆ ಮನೆಯಲ್ಲಿ ನಿದ್ದೆ ಎಂಬುದು ಹೋಗಿ ಮೂರು ವಾರವಾಗಿತ್ತು. ಮಗು ಹಸಿದು ಎರಡು ಗಂಟೆಗೊಮ್ಮೆ ಹಾಲಿಗೆ ಏಳುತ್ತಿತ್ತು. ಏಳದ ಹೊತ್ತಿನಲ್ಲಿ ಅಮ್ಮ ಎದ್ದು ಕೂತು ಅದರ ಮೂಗಿನ ಬಳಿ ಬೆರಳು ಹಿಡಿದು ಉಸಿರು ನೋಡುತ್ತಿದ್ದಳು. ಅಪ್ಪ ಬೆಳಗಿನ ಜಾವಕ್ಕೇ ಬಸ್ಸಿಗೆ ಹೋಗಿ ಗಾಜು ಒರೆಸುತ್ತ ಕೂರುತ್ತಿದ್ದ. ತುಮಕೂರಿನಲ್ಲಿ ನನಗೂ ಅದೇ ಕಥೆ. ಕಣ್ಣು ಮುಚ್ಚಿದರೆ ಸದ್ದಿಲ್ಲದ ಆ ಬಾಯಿ.

ನಾನು ಮಾಡಿದ ಪ್ರಯತ್ನಗಳೆಲ್ಲ ನೆಲ ಕಚ್ಚಿದವು. ರಾಗಿ ರೊಟ್ಟಿಯನ್ನು ಬಸ್ಸಿನ ಆಕಾರಕ್ಕೆ ಕತ್ತರಿಸಿ, ಕ್ಯಾರೆಟ್ಟಿನ ಚಕ್ರ ಇಟ್ಟು ಒಯ್ದೆ. ಪುಟ್ಟಿ ಅದನ್ನು ಚಾಪೆಯ ಮೇಲೆ ಓಡಿಸಿ, ಹಾರ್ನ್ ಹೊಡೆದು, ಕೊನೆಗೆ ಅಜ್ಜಿಯ ಬಾಯಿಗೆ ತುರುಕಿದಳು. ಹಾಡು ಹೇಳಿದೆ, ಗೊಂಬೆಗೆ ತಿನ್ನಿಸಿದೆ. ಗೊಂಬೆ ಚೆನ್ನಾಗಿ ತಿಂದಿತು.

ಒಂದು ಸಂಜೆ ಹೇಳದೆ ಹೋದೆ. ಅಡುಗೆಮನೆಯ ಬಾಗಿಲು ಮುಂದಕ್ಕೆ ಹಾಕಿತ್ತು. ಒಳಗೆ ಅಜ್ಜಿಯೂ ಸೊಸೆಯೂ ನಿಂತುಕೊಂಡೇ, ತಟ್ಟೆಯನ್ನು ಎದೆಗೆ ಹಿಡಿದು, ಕದ್ದು ತಿನ್ನುವವರ ಹಾಗೆ ಗಬಗಬ ಊಟ ಮುಗಿಸುತ್ತಿದ್ದರು. ಮಗು ನೋಡಿದರೆ ಕೇಳುತ್ತದೆ, ಕೊಟ್ಟರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ ಎಂಬ ಭಯ. ಪುಟ್ಟಿ ಹೊರಗೆ ಮುಚ್ಚಿದ ಬಾಗಿಲು ನೋಡುತ್ತ ಕೂತಿದ್ದಳು. ಇನ್ನು ಮಗುವಿಗೆ ತಿನ್ನಿಸುವಾಗ ನೋಡಿದರೆ, ಅಮ್ಮನ ಒಂದು ಕೈಯಲ್ಲಿ ಚಮಚ, ಇನ್ನೊಂದು ಕೈ ಮಗುವಿನ ಬೆನ್ನಿನ ಮೇಲೆ ಹೊಡೆಯಲು ಸಿದ್ಧ. ಅವಳ ಸ್ವಂತ ತುಟಿಗಳು ಬಿಗಿದು ಒಳಗೆ ಹೋಗಿದ್ದವು. ಪುಟ್ಟಿಯ ತುಟಿ ಹೇಗೆ ಹೋಗುತ್ತಿತ್ತೋ ಹಾಗೆಯೇ. ಅದನ್ನು ಕಂಡೆ, ಪುಸ್ತಕದಲ್ಲಿ ಬರೆದೆ. ಆದರೆ ಏನು ಮಾಡಬೇಕೆಂದು ಹೊಳೆಯಲಿಲ್ಲ.

ಆ ಭಾನುವಾರ ಗುಬ್ಬಿಗೆ, ನನ್ನ ತವರಿಗೆ ಹೋದೆ. ಊಟಕ್ಕೆ ಕೂತಾಗ ನನ್ನ ಅಪ್ಪ ಎಂದಿನಂತೆ ಸಾರಿನಿಂದ ಕರಿಬೇವಿನ ಎಲೆಗಳನ್ನು ಒಂದೊಂದಾಗಿ ಹೆಕ್ಕಿ ತಟ್ಟೆಯ ಅಂಚಿನಲ್ಲಿ ಸಾಲಾಗಿ ಜೋಡಿಸಿದರು. ಪಕ್ಕದಲ್ಲಿ ನನ್ನ ತಮ್ಮನ ಮಗಳು, ಎರಡೂವರೆ ವರ್ಷದವಳು. ಅವಳ ತಟ್ಟೆಯಲ್ಲಿದ್ದದ್ದು ಮೊಸರನ್ನ, ಅದರಲ್ಲಿ ಒಗ್ಗರಣೆಯೇ ಇರಲಿಲ್ಲ. ಆದರೂ ಅವಳು ಎರಡು ಬೆರಳಿನಿಂದ ಏನನ್ನೋ ಹೆಕ್ಕಿದಂತೆ ಮಾಡಿ ಅಂಚಿಗೆ ಇಟ್ಟಳು. ಮತ್ತೆ ಹೆಕ್ಕಿದಳು, ಮತ್ತೆ ಇಟ್ಟಳು. ಇಲ್ಲದ ಎಲೆಗಳ ಸಾಲು ಸರಿಯಾಯಿತು ಎನಿಸಿದ ಮೇಲೆಯೇ ಊಟಕ್ಕೆ ಕೈ ಹಾಕಿದಳು.

ಮನೆಯವರೆಲ್ಲ ನಕ್ಕರು. ನನ್ನ ಕೈಯ ತುತ್ತು ಅಲ್ಲೇ ನಿಂತಿತು. ಆ ಮಗು ಕಲಿತಿದ್ದು ಕರಿಬೇವು ಬೇಡ ಎಂಬುದನ್ನಲ್ಲ. ಕೈಯ ಚಲನೆಯನ್ನು. ಎಲೆ ಇನ್ನೂ ಅವಳ ತಟ್ಟೆಗೆ ಬಂದೇ ಇಲ್ಲ, ಚಲನೆ ಮೊದಲೇ ಬಂದು ಕೂತಿದೆ. ಪುಟ್ಟಿಯೂ ಅಪ್ಪನಿಂದ ಮೊಟ್ಟೆ ತಿನ್ನುವುದನ್ನು ಕಲಿಯಲಿಲ್ಲ, ಕತ್ತೆತ್ತಿ ನುಂಗುವುದನ್ನು ಕಲಿತಳು. ಅಮ್ಮನಿಂದ ತುಟಿ ಬಿಗಿಯುವುದನ್ನು ಕಲಿಯುತ್ತಿದ್ದಾಳೆ. ಹಾಗಾದರೆ ಅವಳಿಗೆ ಅಗಿಯುವ ಚಲನೆಯನ್ನು ತೋರಿಸಬೇಕು. ಊಟ ಆಮೇಲೆ ಬರಲಿ.

ಸೋಮವಾರ ಬಸ್ಸಿನಲ್ಲೇ ಡ್ರೈವರ್‌ಗೆ ವಿಷಯ ಹೇಳಿದೆ. ಮಗುವಿಗೆ ಇನ್ನು ಯಾರೂ ಹಾಲು ಬಿಟ್ಟು ಏನನ್ನೂ ತಿನ್ನಿಸಬಾರದು, ಚಮಚ ಹಿಡಿದು ಹಿಂದೆ ಹೋಗಬಾರದು, ತಿನ್ನು ಎಂದು ಬಾಯಿ ಬಿಟ್ಟೂ ಹೇಳಬಾರದು. ಅದರ ಬದಲು ಮನೆಯವರೆಲ್ಲ ದಿನಕ್ಕೆರಡು ಸಲ ಅವಳ ಕಣ್ಣ ಮುಂದೆ ವೃತ್ತವಾಗಿ ಕೂತು, ಬಾಯಿ ತುಂಬ ಅಗಿದು ಉಣ್ಣಬೇಕು. ಒಂದು ತುತ್ತಿಗೆ ಇಪ್ಪತ್ತು ಸಲ. ರಾತ್ರಿಗೆ ಮುದ್ದೆ ಬೇಡ, ರೊಟ್ಟಿ. ಹೀಗೆ ಮಾಡಲು ಡಾಕ್ಟರಿಗೂ ಫೋನು ಮಾಡಿ ಒಪ್ಪಿಗೆ ತೆಗೆದುಕೊಂಡಿದ್ದೆ. ಹಾಲಿನ ಪ್ರಮಾಣವನ್ನು ಅವರೇ ಹೇಳಿದ್ದರು, ಎರಡು ದಿನಕ್ಕೊಮ್ಮೆ ತೂಕ ನೋಡಿ ತಿಳಿಸಬೇಕು ಎಂದಿದ್ದರು. ಎಂಟು ನಾನೂರಕ್ಕೆ ಇಳಿದ ದಿನವೇ ವಾರ್ಡಿಗೆ, ಮಾತಿಲ್ಲ.

ಡ್ರೈವರ್ ಗೇರ್ ಬದಲಿಸಿದ.

“ನನ್ನಿಂದ್ಲೇ ಆಗಿದ್ದು ಅಂತ ಹೇಳ್ಬುಡಿ ಮೇಡಂ, ಪರ್ವಾಗಿಲ್ಲ,” ಎಂದ.

“ನಿಮ್ ಸ್ಟೈಲಲ್ಲೇ ತಿನ್ನಿ ಅಂದೋಳು ನಾನು,” ಎಂದೆ.

ಅದಾದ ಮೇಲೆ ನಾವಿಬ್ಬರೂ ಆ ಮಾತು ಎತ್ತಲಿಲ್ಲ.

ಅಜ್ಜಿಯನ್ನು ಒಪ್ಪಿಸುವುದು ಕಷ್ಟವಾಯಿತು. ಮಗ ರಾತ್ರಿ ಮುದ್ದೆ ಇಲ್ಲದೆ ಮಲಗುವುದು ಆ ಮನೆಯಲ್ಲಿ ಜ್ವರ ಬಂದರೆ ಮಾತ್ರ. “ಮುದ್ದೆ ಉಂಡು ಬೆಳೆದೋನ್ಗೆ ಎಮ್ಮೆ ಥರ ಮೆಲುಕಾಕು ಅಂತೀರಲ್ಲ ತಾಯಿ. ಅಕ್ಕಪಕ್ಕದೋರು ನೋಡಿದ್ರೆ ಏನಂದಾರು?” ಎಂದರು. ಬಾಗಿಲು ಹಾಕಿಕೊಳ್ಳಿ ಎಂದೆ. ತನಗಿರುವುದೇ ಆರು ಹಲ್ಲು ಎಂದರು. ಆರರಲ್ಲೇ ಅಗಿಯಿರಿ, ಎಲೆ ಅಡಿಕೆ ಮಾತ್ರ ಮಗುವಿನ ಮುಂದೆ ಬೇಡ ಎಂದೆ. ಅದಕ್ಕೆ ಮಾತ್ರ ಅವರು ನನ್ನನ್ನು ಬಹಳ ದಿನ ಕ್ಷಮಿಸಲಿಲ್ಲ.

ಮೊದಲ ಊಟಕ್ಕೆ ನಾನೂ ಟೀಚರೂ ಹೋಗಿದ್ದೆವು. ಹನ್ನೆರಡಕ್ಕೆ ಮುಂಚೆ, ಬಸ್ಸು ಬಯಲಿನಲ್ಲಿ ನಿಂತಿರುವ ಹೊತ್ತಿನಲ್ಲಿ. ಐದು ಜನ ಸುತ್ತ ಕೂತು ರೊಟ್ಟಿ, ಸೌತೆಕಾಯಿ ಹಿಡಿದು ಅಗಿಯತೊಡಗಿದೆವು. ಪುಟ್ಟಿ ಕಂಬಕ್ಕೆ ಒರಗಿ ನಿಂತಿದ್ದಳು. ಡ್ರೈವರ್ ಐದನೆಯ ಸಲಕ್ಕೆ ಅಭ್ಯಾಸಬಲದಿಂದ ನುಂಗಿಬಿಟ್ಟ. ಟೀಚರ್ ಮಕ್ಕಳಿಗೆ ಹೇಳುವಂತೆ ಬೆರಳೆತ್ತಿ, ಇನ್ನೊಂದು ಸಲ ಎಂದರು. ಎರಡನೆಯ ತುತ್ತು ಒಂಬತ್ತಕ್ಕೆ ಜಾರಿತು. ಮೂರನೆಯದನ್ನು ಅವನು ಕಣ್ಣು ಮುಚ್ಚಿ, ಬೆವರುತ್ತ, ಇಪ್ಪತ್ತಕ್ಕೆ ತಂದ.

“ಕ್ಲಚ್ ತುಳಿದು ಕಾಲ್ ನೋಯೋದು ಗೊತ್ತಿತ್ತು. ದವಡೆ ನೋಯೋದು ಇದೇ ಮೊದ್ಲು,” ಎಂದ. ಆಮೇಲೆ ಸ್ವಲ್ಪ ಯೋಚಿಸಿ, “ರೊಟ್ಟಿ ಸಿಹಿ ಇರ್ತದೆ ಕಣಮ್ಮ,” ಎಂದು ತಾಯಿಗೆ ವರದಿ ಕೊಟ್ಟ.

“ಮೂವತ್ಮೂರು ವರ್ಷ ಆದ್ಮೇಲಾದ್ರೂ ಗೊತ್ತಾಯ್ತಲ್ಲ ನಿನ್ಗೆ,” ಎಂದರು ಅಜ್ಜಿ.

ಅಮ್ಮನಿಗೆ ಅಗಿಯುವುದು ಕಷ್ಟವಿರಲಿಲ್ಲ, ಕೈ ಕಟ್ಟಿ ಕೂರುವುದು ಕಷ್ಟವಾಗಿತ್ತು. ಮಗು ಕೊಂಚ ಮುಂದಕ್ಕೆ ಬಂದರೂ ಅವಳ ಕೈ ಬೆನ್ನಿನ ಕಡೆ ಹೋಗುತ್ತಿತ್ತು. ಅದಕ್ಕೆ ಟೀಚರ್ ಒಂದು ಉಪಾಯ ಮಾಡಿದರು. ಬೆನ್ನಿಗೆ ಹೊಡೆಯುವ ವಿಧಾನವನ್ನು ಆ ಮನೆಯ ಮೂವರಿಗೂ ದಿಂಬಿನ ಮೇಲೆ, ಕೈಗೆ ಕೂರುವವರೆಗೆ ಕಲಿಸಿದರು. ಏನಾದರೂ ಆದರೆ ಏನು ಮಾಡಬೇಕೆಂದು ಕೈಗೆ ಗೊತ್ತಾದ ಮೇಲೆ ಅವಳ ಕೈ ಮಡಿಲಲ್ಲಿ ಕೂರುವುದನ್ನು ಕಲಿಯಿತು. ದಿಂಬಿನ ಹತ್ತಿ ಹೊರಗೆ ಬಂದಿತ್ತು.

ಮೂರು ದಿನ ಏನೂ ಆಗಲಿಲ್ಲ. ತೂಕ ಎಂಟು ಐನೂರಕ್ಕೆ ಇಳಿಯಿತು. ತಕ್ಕಡಿಯ ಮುಳ್ಳನ್ನು ಎರಡೆರಡು ಸಲ ನೋಡಿದೆ. ಡಾಕ್ಟರಿಗೆ ತಿಳಿಸಿದೆ. ಇನ್ನು ನೂರು ಗ್ರಾಂ ಎಂದರು.

ನಾಲ್ಕನೆಯ ದಿನ ಪುಟ್ಟಿ ಅಪ್ಪನ ತೊಡೆ ಏರಿ ಕೂತಳು. ಅವನು ಅಗಿಯುತ್ತಿದ್ದ. ಅವಳು ಕೈ ಎತ್ತಿ ಅವನ ಕಿವಿಯ ಕೆಳಗೆ, ದವಡೆ ಆಡುವ ಜಾಗದಲ್ಲಿ ಅಂಗೈ ಇಟ್ಟಳು. ಅವನು ನಿಲ್ಲಿಸಿದ. ಅವಳು ಕೆನ್ನೆಗೆ ಒಂದೇಟು ಕೊಟ್ಟಳು. ಮತ್ತೆ ಶುರು ಮಾಡಿದ. ಅವಳು ಕೈಯನ್ನು ಅಲ್ಲೇ ಇಟ್ಟುಕೊಂಡು ತನ್ನ ಬಾಯನ್ನು ಆಡಿಸಿದಳು. ಬಾಯಲ್ಲಿ ಏನೂ ಇಲ್ಲ. ಮೇಲೆ ಕೆಳಗೆ, ಮೇಲೆ ಕೆಳಗೆ, ಅಜ್ಜಿಯಂತೆ ಒಂದು ಪಕ್ಕಕ್ಕೆ ಸೊಟ್ಟ ಮಾಡಿಕೊಂಡು ಗಾಳಿಯನ್ನೇ ಅಗಿದಳು. ನನಗೆ ಗುಬ್ಬಿಯ ತಟ್ಟೆಯಂಚಿನ ಇಲ್ಲದ ಎಲೆಗಳು ನೆನಪಾದವು. ನಗಬೇಡಿ, ಹೊಗಳಬೇಡಿ, ಚಪ್ಪಾಳೆಯಂತೂ ಬೇಡವೇ ಬೇಡ ಎಂದು ಎಲ್ಲರಿಗೂ ಮೊದಲೇ ಹೇಳಿಟ್ಟಿದ್ದೆ. ಐದು ಜನ ದೊಡ್ಡವರು ಮುಖ ಗಂಟಿಕ್ಕಿಕೊಂಡು, ಸಾವಿನ ಮನೆಯಲ್ಲಿ ಕೂತವರ ಹಾಗೆ ಸೌತೆಕಾಯಿ ತಿಂದೆವು.

ಮೂರು ದಿನ ಅವಳು ಗಾಳಿ ಅಗಿದಳು. ಬೀದಿಯಲ್ಲಿ ಅಗಿದಳು, ಬಸ್ಸಿನ ಮೆಟ್ಟಿಲ ಮೇಲೆ ಕೂತು ಅಗಿದಳು. ಎದುರು ಮನೆಯ ಕರುವಿನ ಮುಂದೆ ನಿಂತು ಇಬ್ಬರೂ ಬಹಳ ಹೊತ್ತು ಅಗಿದರಂತೆ.

ಎಂಟನೆಯ ದಿನ ಬೆಳಿಗ್ಗೆ ಅಪ್ಪನ ತಟ್ಟೆಯಿಂದ ಬೆರಳುದ್ದದ ಮೆತ್ತನೆಯ ರೊಟ್ಟಿಯ ಪಟ್ಟಿಯನ್ನು ತಾನಾಗಿ ತೆಗೆದುಕೊಂಡಳು. ತುದಿಯನ್ನು ಕಚ್ಚಿದಳು. ಅಗಿದಳು. ಅಮ್ಮನ ಎರಡು ಕೈಗಳೂ ಮಡಿಲಲ್ಲಿ ಒಂದನ್ನೊಂದು ಹಿಂಡುತ್ತಿದ್ದವು. ಟೀಚರ್ ಒಂದು ಮಂಡಿ ಊರಿ ಕೂತಿದ್ದರು. ನಾನು ಮನಸ್ಸಿನಲ್ಲಿ ಎಣಿಸುತ್ತಿದ್ದೆ, ಇಪ್ಪತ್ತು ದಾಟಿತು, ಮೂವತ್ತು ದಾಟಿತು, ಆಮೇಲೆ ಎಣಿಕೆ ತಪ್ಪಿತು. ಕೊನೆಗೆ ಗಂಟಲು ಒಂದು ಸಲ ಮೇಲೆ ಹೋಗಿ ಕೆಳಗೆ ಬಂತು. ಅವಳು ಬಾಯಿ ತೆರೆದು, ಖಾಲಿ ನಾಲಿಗೆಯನ್ನು ಅಪ್ಪನಿಗೆ ತೋರಿಸಿದಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಜ್ಜಿ ಎದ್ದು ಸೀದಾ ಹಿತ್ತಲಿಗೆ ಹೋದರು. ಅಲ್ಲಿಂದ ಪಟಪಟನೆ ನಾಲ್ಕು ಚಪ್ಪಾಳೆಯ ಸದ್ದು ಬಂತು, ತೆಂಗಿನ ಮರದಿಂದ ಕಾಗೆಗಳು ಎದ್ದುಹೋದವು. ಅವರು ಸೆರಗು ಸರಿಮಾಡಿಕೊಂಡು ಏನೂ ಆಗದವರಂತೆ ಬಂದು ಕೂತರು.

ಹತ್ತನೆಯ ದಿನ ತೂಕ ಎಂಟು ಐನೂರು. ಏರಿರಲಿಲ್ಲ, ಇಳಿದೂ ಇರಲಿಲ್ಲ. ಡಾಕ್ಟರು ಇನ್ನೊಂದು ವಾರ ಕೊಟ್ಟರು. ಆ ವಾರ ರೊಟ್ಟಿಯ ಜೊತೆ ಬೇಯಿಸಿದ ಗೆಣಸು, ಸೊಪ್ಪಿನ ಪಲ್ಯ, ಹಿಸುಕಿದ ಅವರೆಕಾಳು ಒಳಗೆ ಹೋದವು. ಅಜ್ಜಿಗೆ ಇಷ್ಟವಿಲ್ಲದ ಹೀರೆಕಾಯಿಯನ್ನು ಅವಳೂ ಅಂಚಿಗೆ ತಳ್ಳಿದಳು. ಅದನ್ನು ನಾನು ನೋಡಿದೆನೆಂದು ಗೊತ್ತಾಗಿ ಅಜ್ಜಿ ಹೀರೆಕಾಯಿ ತಿನ್ನಲು ಶುರು ಮಾಡಿದರು. ತೂಕ ಎಂಟು ಏಳುನೂರು ಮುಟ್ಟಿತು. ವಾರ್ಡಿನ ಮಾತು ಅಲ್ಲಿಗೆ ನಿಂತಿತು.

ಇತ್ತ ಕುಣಿಗಲ್ಲಿನ ಹೋಟೆಲಿನಲ್ಲಿ ಡ್ರೈವರ್ ಇಡ್ಲಿಯನ್ನೂ ಅಗಿಯತೊಡಗಿದ್ದ. ಬಸ್ಸು ಐದಾರು ನಿಮಿಷ ತಡವಾಗಿ ಹೊರಡುತ್ತಿತ್ತು. ಕಂಡಕ್ಟರ್ ಕಿಟಕಿಯಲ್ಲಿ ತಲೆ ಹಾಕಿ, “ಏನಣ್ಣ, ಇನ್ನೂ ಎಷ್ಟನೇ ನಂಬರಲ್ಲಿದ್ದೀಯ?” ಎಂದು ಕೇಳುವುದು, ಇವನು ಬಾಯಿ ತುಂಬ ಇಟ್ಟುಕೊಂಡು ಬೆರಳಿನಲ್ಲಿ ಹದಿನಾಲ್ಕು ತೋರಿಸುವುದು, ನಾವು ಕಾಯುವುದು ಮಾಮೂಲಾಯಿತು.

ಆದರೆ ನಿದ್ದೆ ಮಾತ್ರ ಇನ್ನೂ ಬಂದಿರಲಿಲ್ಲ. ಮಗು ಹಾಲಿಗೆ ಏಳುವುದು ಕಡಿಮೆಯಾಗಿತ್ತು. ಅಮ್ಮ ಏಳುವುದು ಕಡಿಮೆಯಾಗಿರಲಿಲ್ಲ. ನನ್ನದೂ ಹಾಗೆಯೇ.

ಮೊಟ್ಟೆ ಕೊನೆಗೆ ಬಂತು. ಅದನ್ನು ಯಾರೂ ಕೊಡಬೇಕೆಂದುಕೊಂಡಿರಲಿಲ್ಲ. ಒಂದು ಮಂಗಳವಾರ ಅಂಗನವಾಡಿಯಲ್ಲಿ ದೊಡ್ಡ ಮಕ್ಕಳಿಗೆ ಮೊಟ್ಟೆ ಹಂಚುವಾಗ ಪುಟ್ಟಿ ಅಮ್ಮನ ಕೈ ಬಿಡಿಸಿಕೊಂಡು ಬಂದು ಟೀಚರ್ ಮುಂದೆ ಕೈ ಚಾಚಿದಳು. ಟೀಚರ್ ನನ್ನ ಮುಖ ನೋಡಿದರು, ನಾನು ಅಮ್ಮನ ಮುಖ ನೋಡಿದೆ. ಅವಳ ತುಟಿ ಒಳಗೆ ಹೋಯಿತು, ಮತ್ತೆ ಹೊರಗೆ ಬಂತು.

“ಕೊಡಿ ಟೀಚರ್. ನಾನೂ ಒಂದು ತಿಂತೀನಿ,” ಎಂದಳು.

ಟೀಚರ್ ಮಗುವಿನ ಮೊಟ್ಟೆಯನ್ನು ಬಟ್ಟಲಿನಲ್ಲಿ ಹಿಸುಕಿ ಕೊಟ್ಟರು. ತಾಯಿ ಮಗಳು ಅದೇ ಚಾಪೆಯ ಮೇಲೆ ಎದುರುಬದುರು ಕೂತರು. ಸಣ್ಣ ಸಣ್ಣ ಚಿಟಿಕೆ, ದೊಡ್ಡ ದೊಡ್ಡ ಅಗಿತ. ಅರ್ಧ ಗಂಟೆ ಹಿಡಿಯಿತು. ನಾನು ಮೇಜಿನ ಕಡೆ ತಿರುಗಲಿಲ್ಲ, ಪುಸ್ತಕ ಮುಟ್ಟಲಿಲ್ಲ. ಬಟ್ಟಲು ಖಾಲಿಯಾಯಿತು.

ಮಾರನೆಯ ದಿನ ಬುಧವಾರ. ಕುಣಿಗಲ್ ಬಸ್ ನಿಲ್ದಾಣದಲ್ಲಿ ಎಂಟೂವರೆಗೆ ಬಸ್ಸು ಬರಲಿಲ್ಲ. ಮುಕ್ಕಾಲಾಯಿತು, ಒಂಬತ್ತಾಯಿತು. ಮೇಷ್ಟ್ರುಗಳು ಗಡಿಯಾರ ನೋಡಿ ಗೊಣಗಿದರು. ಟೊಮೆಟೊ ಬುಟ್ಟಿಯ ಮೇಲೆ ಕೂತಿದ್ದ ಹೆಂಗಸು ಡ್ರೈವರಿನ ವಂಶವನ್ನೆಲ್ಲ ಜಾಲಾಡಿದಳು. ನನಗೆ ಬಂದದ್ದು ಕೋಪವಲ್ಲ, ಭಯ. ನೆನ್ನೆಯ ಮೊಟ್ಟೆ. ಫೋನು ಮಾಡಿದೆ, ಎತ್ತಲಿಲ್ಲ. ಟೀಚರಿಗೆ ಮಾಡಿದೆ, ಸಿಗಲಿಲ್ಲ. ಆ ಅರ್ಧ ನಿಮಿಷ ಅಲ್ಲೇ, ಬಸ್ ನಿಲ್ದಾಣದ ಕಂಬದ ಪಕ್ಕದಲ್ಲೇ ಮತ್ತೆ ಶುರುವಾಯಿತು.

ಒಂಬತ್ತು ಹತ್ತಕ್ಕೆ ಬಸ್ಸು ಬಂತು. ಡ್ರೈವರಿನ ಕೂದಲು ಬಾಚಿರಲಿಲ್ಲ, ಶರ್ಟಿನ ಗುಂಡಿ ಒಂದರ ಮನೆಗೆ ಇನ್ನೊಂದು ಹೋಗಿತ್ತು, ಕೆನ್ನೆಯ ಮೇಲೆ ದಿಂಬಿನ ಗೆರೆ. ನಾನು ಓಡಿಹೋಗಿ ಕಿಟಕಿ ಹಿಡಿದುಕೊಂಡೆ.

“ಮಲ್ಕಂಬುಟ್ಟಿದ್ವಿ ಮೇಡಂ,” ಎಂದ. “ಎಲ್ರೂ. ಒಬ್ರೂ ಎದ್ದಿಲ್ಲ. ಆರೂಮುಕ್ಕಾಲ್ಗೆ ಪ್ಯಾಸೆಂಜರ್‌ಗಳು ಬಂದು ಬಾಗ್ಲು ಬಡಿದವ್ರೆ. ನನ್ ಹೆಂಡ್ತಿ ಬಾಗ್ಲು ತೆಗ್ದು, ಯಾರು ನೀವು ಅಂತ ಕೇಳ್ತಾಳೆ.”

“ಪುಟ್ಟಿ?”

“ಇನ್ನೂ ಎದ್ದಿಲ್ಲ ಅವ್ಳು. ನಮ್ಮಮ್ಮ ಕೋಲ್ ಹಿಡ್ಕಂಡು ಬಾಗ್ಲಲ್ಲಿ ಕೂತವ್ರೆ, ಯಾರೂ ಎಬ್ಬಿಸ್ಬಾರ್ದು ಅಂತ.”

ಕಂಡಕ್ಟರ್ ಎಲ್ಲಿದ್ದನೆಂದು ಟೊಮೆಟೊ ಹೆಂಗಸು ಕೇಳಿದಳು. ದಿನಾ ಡ್ರೈವರಣ್ಣನೇ ಮೊದಲು ಬಂದು ಗಾಜು ಒರೆಸುತ್ತಿದ್ದುದರಿಂದ, ಅವನು ಬರಲಿ ಎಂದು ಹಿಂದಿನ ಸೀಟಿನಲ್ಲಿ ಹಾಗೇ ಒರಗಿದ್ದ ಕಂಡಕ್ಟರ್ ಕೂಡ ನಿದ್ದೆ ಹೋಗಿದ್ದನಂತೆ.

ನಾನು ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತೆ. ಬಸ್ಸು ಊರು ದಾಟಿತು. ಕಿಟಕಿಯಿಂದ ಬಿಸಿಲು ಮಡಿಲಿಗೆ ಬಿತ್ತು. ಆ ದಿನದ ಮೊದಲ ಭೇಟಿ ಅಮೃತೂರಿಗಿಂತ ಮುಂಚಿನ ಒಂದು ಹಳ್ಳಿಯಲ್ಲಿತ್ತು. ಅಲ್ಲಿ ಇಳಿಯಬೇಕು, ತೂಕದ ಪುಸ್ತಕ ನೋಡಬೇಕು ಎಂದುಕೊಂಡದ್ದು ನೆನಪಿದೆ.

ಕಣ್ಣು ಬಿಟ್ಟಾಗ ಬಸ್ಸು ನಿಂತಿತ್ತು, ಒಳಗೆ ನಾನೊಬ್ಬಳೇ ಇದ್ದೆ. ಎದುರಿಗೆ ಪುಟ್ಟಿಯ ಹಳ್ಳಿಯ ಅಂಗನವಾಡಿಯ ಗೋಡೆ. ಗಂಟೆ ಹನ್ನೊಂದು ನಲವತ್ತು. ಬಸ್ಸಿನ ಮೆಟ್ಟಿಲ ಮೇಲೆ ಕೂತು ಟಿಕೆಟ್ ಎಣಿಸುತ್ತಿದ್ದ ಕಂಡಕ್ಟರ್ ತಿರುಗಿ ನೋಡಿದ. ನನ್ನ ಸ್ಟಾಪಿನಲ್ಲಿ ಯಾಕೆ ಎಬ್ಬಿಸಲಿಲ್ಲ ಎಂದು ಕೇಳಿದೆ.

“ಎಬ್ಬಿಸೋಕೆ ಬಂದಿದ್ದೆ ಮೇಡಂ,” ಎಂದ. “ಮಲ್ಕಳ್ಳಿ ಬುಡು ಅಂದ್ರು ಡ್ರೈವರಣ್ಣ.”